ಕಾಳು ಹಾಕುವಷ್ಟು ಹೊತ್ತು

ನನ್ನ ಬಲಗೈಗೆ ಒಂದು ಚಾಳಿಯಿದೆ. ಯಾರಾದರೂ ಹಾಡುತ್ತಿದ್ದರೆ, ಹಾಡಿನ ನಡುವೆ ಎಲ್ಲೋ ಒಂದು ಕಡೆ, ಮಡಿಲಲ್ಲಿ ಸುಮ್ಮನೆ ಬಿದ್ದಿರುವ ಅದು ಮುಷ್ಟಿ ಕಟ್ಟಿ, ಸ್ವಲ್ಪ ಮುಂದಕ್ಕೆ ಹೋಗಿ, ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲಿನ ಗೆಳತಿಯರು ಇದನ್ನು ಕಂಡುಹಿಡಿದು ಬಹಳ ದಿನ ನಕ್ಕರು. ನಾನು ತಾಳ ಹಾಕುತ್ತಿದ್ದೇನೆಂದು ಒಬ್ಬಳು ಹೇಳಿದಳು. ಸಂಗೀತ ಬಲ್ಲ ಇನ್ನೊಬ್ಬಳು, ಇದು ಯಾವ ತಾಳಕ್ಕೂ ಸೇರಿದ್ದಲ್ಲ, ಇವಳು ಯಾರಿಗೋ ಚಿಲ್ಲರೆ ಕೊಡುತ್ತಿದ್ದಾಳೆ ಎಂದಳು. ನಾನು ವಿವರಿಸಲು ಹೋಗಲಿಲ್ಲ. ವಿವರಿಸಲು ಬಾರದೆಂದಲ್ಲ; ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಸಂಬಳ ತೆಗೆದುಕೊಳ್ಳುವವಳು ನಾನು. ಆದರೆ ಪ್ರಮೇಯವನ್ನು ವಿವರಿಸುವುದು ಬೇರೆ, ಸ್ವಂತ ಕೈಯನ್ನು ವಿವರಿಸುವುದು ಬೇರೆ.

ಮೊನ್ನೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಆ ಕೈ ಮತ್ತೆ ಬಿಚ್ಚಿಕೊಂಡಿತು. ಪಕ್ಕದಲ್ಲಿದ್ದ ಹೊಲಿಗೆ ಟೀಚರು ನೆಲದ ಮೇಲೆ ಏನು ಬಿತ್ತೆಂದು ಹುಡುಕಿದರು. ಏನೂ ಬಿದ್ದಿಲ್ಲವೆಂದೆ. ನಿಜವಾದ ಉತ್ತರ ಉದ್ದವಾಗಿತ್ತು. ಎದುರಿಗೆ ಕೂತವರಿಗಿಂತ ಕಾಗದಕ್ಕೆ ಹೇಳುವುದು ನನಗೆ ಸುಲಭ, ಹಾಗಾಗಿ ನಿಮಗೆ ಹೇಳುತ್ತಿದ್ದೇನೆ.

ಹರಿಹರದಲ್ಲಿ ನನ್ನ ಅಮ್ಮನ ತಾಯಿಯ ಮನೆ ಹೊಳೆಗೆ ಹೋಗುವ ದಾರಿಯಲ್ಲಿದೆ. ಶಾಲೆಗೆ ಸೇರುವ ಮೊದಲಿನ ವರ್ಷಗಳನ್ನು ನಾನು ಅಲ್ಲೇ ಕಳೆದೆ. ಆ ಮನೆಯಲ್ಲಿ ಬೆಳಗಾಗುತ್ತಿದ್ದುದು ಬೀಸುಕಲ್ಲಿನಿಂದ. ಅಜ್ಜಿ ಒಂದು ಕಾಲು ಚಾಚಿ ಒಂದು ಕಾಲು ಮಡಿಸಿ ಕೂತು ಜೋಳ ಬೀಸುತ್ತಿದ್ದಳು. ಕಲ್ಲಿನ ಗುರುಗುಟ್ಟುವಿಕೆಯ ಮೇಲೆ ಅವಳ ಹಾಡು. ಒಬ್ಬರೇ ಬೀಸುವಾಗ ಒಂದು ಕೈ ಗೂಟ ತಿರುಗಿಸುತ್ತಿದ್ದರೆ ಇನ್ನೊಂದು ಕೈ ಪಕ್ಕದ ಮೊರದಿಂದ ಒಂದು ಹಿಡಿ ಕಾಳು ತೆಗೆದು ಕಲ್ಲಿನ ಬಾಯಿಗೆ ಹಾಕಬೇಕು. ಅಷ್ಟು ಹೊತ್ತು ಕಲ್ಲು ನಿಧಾನವಾಗುತ್ತದೆ, ಮೈ ಬಗ್ಗುತ್ತದೆ, ಹಾಡು ನಿಲ್ಲುತ್ತದೆ. ಕಾಳು ಬಿದ್ದಮೇಲೆ ಹಾಡು ಬಿಟ್ಟ ಕಡೆಯಿಂದಲೇ ಏಳುತ್ತದೆ.

ಅಜ್ಜಿಗೆ ಸೊಂಟನೋವು. ಬಗ್ಗುವ ಕಷ್ಟ ತಪ್ಪಲೆಂದು ಕಾಳು ಹಾಕುವ ಕೆಲಸವನ್ನು ನನಗೆ ಕೊಟ್ಟಿದ್ದಳು. ನನ್ನ ಮುಷ್ಟಿ ಚಿಕ್ಕದು, ನಿದ್ದೆ ದೊಡ್ಡದು. ಕಲ್ಲಿನ ಎದುರು ಕೂತು ತೂಕಡಿಸುತ್ತಿದ್ದೆ. ಅವಳು ಹೆಚ್ಚಾಗಿ ಹೇಳುತ್ತಿದ್ದ ಪದವೊಂದಿತ್ತು. ಈ ಕಡೆಯ ಊರುಗಳಲ್ಲಿ ಬೀಸುವವರಿಗೆಲ್ಲ ಗೊತ್ತಿದ್ದ ಪದ:

ಹೊಳೆಯಾಚೆ ದಂಡ್ಯಾಗ ತವರೂರ ದೀಪ
ಎಣ್ಣಿ ಹೊಯ್ದವರ್ಯಾರ ಹೇಳ

‘ತವರೂರ’ ಎಂದು ಅವಳು ನಿಲ್ಲಿಸುತ್ತಿದ್ದಳು. ನಾನು ಕಾಳು ಹಾಕಬೇಕು. ಹಾಕಿದ ಮೇಲೆ ‘ದೀಪ’ ಬರುತ್ತಿತ್ತು. ನಾನು ಹಾಕದಿದ್ದರೆ ದೀಪವೇ ಇಲ್ಲ. ‘ಮಂಗ್ಳಿ, ಕೈ ತಡ ಆತು. ಕಲ್ಲಿಗೆ ಹಸಿವಾಗೈತೆ’ ಎಂದು ಅಜ್ಜಿ ಕಾಲಿನಿಂದ ನನ್ನ ಮೊಣಕಾಲು ತಿವಿಯುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೇ ಹಿಡಿ ಬಿಚ್ಚುತ್ತಿದ್ದೆ. ಹೊಳೆಯ ಆಚೆ ಕಾಣುವ ದೀಪಗಳೆಲ್ಲ ನನ್ನ ಮುಷ್ಟಿಯಿಂದ ಹೊತ್ತಿಕೊಳ್ಳುತ್ತವೆಂದು ಬಹಳ ಕಾಲ ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ.

ಆಮೇಲೆ ಗಿರಣಿ ಬಂತು. ಡಬ್ಬಿ ಹೊತ್ತು ಹೋಗಿ ಸಾಲಿನಲ್ಲಿ ನಿಂತರೆ ಬಿಸಿಬಿಸಿ ಹಿಟ್ಟು. ಬೀಸುಕಲ್ಲಿನ ಮೇಲಿನ ಹೋಳು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕಾಲಿಡುವ ಮೆಟ್ಟಿಲಾಯಿತು. ಇದರ ಬಗ್ಗೆ ಕಣ್ಣೀರು ಹಾಕುವವರನ್ನು ಕಂಡರೆ ನನಗೆ ಅನುಮಾನ. ಅವರು ಯಾರೂ ಬೀಸಿದವರಲ್ಲ. ಅಜ್ಜಿ ಗಿರಣಿಯನ್ನು ಎರಡು ಕೈಯಿಂದ ಬರಮಾಡಿಕೊಂಡಳು. ಪದ ಮಾತ್ರ ಎಲ್ಲಿ ಹೋಯಿತೆಂದು ಯಾರೂ ಕೇಳಲಿಲ್ಲ. ಗಿರಣಿಯ ಬೆಲ್ಟಿನ ಸದ್ದಿನಲ್ಲಿ ಹಾಡುವುದಿರಲಿ, ನಮ್ಮ ಡಬ್ಬಿ ಯಾವುದೆಂದು ಹೇಳಲೂ ಕೂಗಬೇಕು.

ಇನ್ನು ಮಾವನ ವಿಷಯ. ರುದ್ರಮಾವ ಅಜ್ಜಿಯ ಚಿಕ್ಕ ಮಗ. ದಾವಣಗೆರೆಯಲ್ಲಿ, ನಮ್ಮ ಬೀದಿಯಲ್ಲೇ ಅವನ ಮನೆ. ಮಂಡಿಪೇಟೆಯಲ್ಲಿ ಹತ್ತಿಯ ವ್ಯಾಪಾರ. ಅವನಿಗೆ ಜೀವನದಲ್ಲಿ ಎರಡೇ ಭಕ್ತಿ. ಒಂದು ಕೊರಳಲ್ಲಿ ಕಟ್ಟಿದ ಲಿಂಗ, ಇನ್ನೊಂದು ಕುಕ್ಕುವಾಡದ ಹಾಲಪ್ಪನವರು. ಹಾಲಪ್ಪನವರು ಹುಡುಗರಿದ್ದಾಗಲೇ ನಾಟಕ ಕಂಪನಿ ಸೇರಿ, ರಾಜರ ಪಾತ್ರಗಳಲ್ಲಿ ಹಾಡಿ ಹೆಸರು ಮಾಡಿದವರು. ಅವರ ಹಾಡೆಂದರೆ ಮೊದಲು ಹಾರ್ಮೋನಿಯಂ ಒಂದು ಸುತ್ತು ಓಡಬೇಕು, ಆಮೇಲೆ ಆ ಕಂಠ ಮೇಲಿನಿಂದ ಇಳಿದು ಬರಬೇಕು. ಅವರ ಗ್ರಾಮಫೋನು ಪ್ಲೇಟುಗಳೆಲ್ಲ ಮಾವನ ಬಳಿ ಇದ್ದವು. ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಗೆಳೆಯರನ್ನು ಕೂಡಿಸಿ, ಗ್ರಾಮಫೋನಿಗೆ ಕೀಲಿ ಕೊಡುತ್ತಿದ್ದ. ಗ್ರಾಮಫೋನು ಗಂಡಸರ ಕಡೆಗೆ ಬಾಯಿ ತೆರೆದು ಕೂತಿರುತ್ತಿತ್ತು. ಅಡುಗೆಮನೆಗೆ ಬರುತ್ತಿದ್ದುದು ಹಾಡಲ್ಲ, ‘ವಾಹ್ವಾ’ ಮಾತ್ರ.

ವಯಸ್ಸಾಗಿ ಕಂಪನಿ ಬಿಟ್ಟು ಊರಿಗೆ ಬಂದಿದ್ದ ಹಾಲಪ್ಪನವರು ಬಹಳ ವರ್ಷಗಳ ಮೇಲೆ ಹೊಸದಾಗಿ ಹಾಡಿದ್ದಾರೆಂಬ ಸುದ್ದಿ ಬಂತು. ಒಂದಲ್ಲ, ಮೂರು ಪ್ಲೇಟು, ಒಂದೇ ರಟ್ಟಿನ ಹೊದಿಕೆಯಲ್ಲಿ. ಪ್ಲೇಟು ತೆಗೆಯುವ ಕಂಪನಿಯವರು ಅದನ್ನು ಆಲ್ಬಂ ಎಂದು ಕರೆದಿದ್ದರು. ಮಾವ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದ.

‘ಆಲ್ಬಂ ಅಂದ್ರೆ? ಹಾಲಪ್ಪಾರ ಮದ್ವಿ ಫೋಟೋ ಏನ್ರಿ?’ ಎಂದು ಅತ್ತೆ ಕೈ ಒರೆಸಿಕೊಂಡು ಬಂದಳು.

‘ಫೋಟೋ ಅಲ್ಲ, ಹಾಡು.’

‘ಹಾಡಿಗೆ ಯಾಕ ರಟ್ಟು ಹಾಕ್ಯಾರೆ?’ ಅತ್ತೆ ನಿರಾಸೆಯಿಂದ ಒಳಗೆ ಹೋದಳು. ಬಂದವರಿಗೆ ಖಾರ ಮಂಡಕ್ಕಿ ಹಂಚುವ ಕೆಲಸ ನನ್ನ ಪಾಲಿಗೆ ಬಂತು. ಅದರಿಂದಾಗಿ ಆ ದಿನ ಪಡಸಾಲೆಯಲ್ಲಿ ಇದ್ದ ಹೆಂಗಸು ನಾನೊಬ್ಬಳೇ.

ಮಾವ ಮುಳ್ಳು ಇಟ್ಟ. ಏಕತಾರಿಯ ಒಂದು ತಂತಿ ಮಿಡಿಯಿತು. ಎಲ್ಲರೂ ಹಾರ್ಮೋನಿಯಂಗಾಗಿ ಕಾದರು. ಅದು ಬರಲಿಲ್ಲ. ಹಾಲಪ್ಪನವರ ಧ್ವನಿ ಮೇಲಿನಿಂದ ಇಳಿದು ಬರುವ ಬದಲು ಪಕ್ಕದಲ್ಲಿ ಕೂತಂತೆ ಶುರುವಾಯಿತು. ಹೊಳೆಯಾಚೆ ದಂಡ್ಯಾಗ ತವರೂರ... ಅಲ್ಲಿ ನಿಂತಿತು. ಪ್ಲೇಟಿನ ಸರಪರ ಮಾತ್ರ ಕೇಳಿಸಿತು. ಆಮೇಲೆ, ‘ದೀಪ’.

ನನ್ನ ಕೈ ಬಿಚ್ಚಿಕೊಂಡಿತು. ಗಿರಿಯಪ್ಪನವರ ಕಾಗದದ ಮೇಲೆ ಬೀಳಬೇಕಾದ ಮಂಡಕ್ಕಿ ಜಮಖಾನೆಯ ಮೇಲೆ ಬಿತ್ತು.

ಗಿರಿಯಪ್ಪನವರು ಮಾವನ ಗೆಳೆಯರು, ಬಟ್ಟೆ ಗಿರಣಿಯಲ್ಲಿ ಮಗ್ಗದ ಮೇಸ್ತ್ರಿ. ಅವರು ಮಂಡಕ್ಕಿಯ ಕಡೆ ನೋಡಲಿಲ್ಲ. ‘ರುದ್ರಪ್ಪ, ಮುಳ್ಳು ಸಿಕ್ಕೊಂಡೈತೆ’ ಎಂದರು.

ಮಾವ ಮುಳ್ಳು ಬದಲಿಸಿದ. ಪ್ಲೇಟನ್ನು ಧೋತರದ ಚುಂಗಿನಿಂದ ಒರೆಸಿದ. ಮತ್ತೆ ಇಟ್ಟ. ಮತ್ತೆ ಅಲ್ಲೇ ನಿಂತಿತು. ಎರಡನೆಯ ನುಡಿಯಲ್ಲೂ ಹಾಗೇ, ಮೂರನೆಯದರಲ್ಲೂ ಹಾಗೇ.

‘ಪ್ಲೇಟ್ ಕೆಟ್ಟೈತೆ’ ಎಂದ.

‘ಪ್ಲೇಟಲ್ಲ, ಅಜ್ಜನ ಉಸ್ರು ಕೆಟ್ಟೈತೆ’ ಎಂದರು ಗಿರಿಯಪ್ಪನವರು. ‘ಮಗ್ಗದಾಗ ನೂಲು ಕಡದ್ರೆ ನಾವು ನಿಲ್ಸಿ ಗಂಟು ಹಾಕ್ತೀವಿ. ಈ ಅಜ್ಜ ಕಡದಿದ್ದು ಕಡದಂಗೇ ಬಿಟ್ಟಾನೆ.’

‘ಮಾವ, ಅದು ಕಾಳು ಹಾಕೋ ಜಾಗ’ ಎಂದೆ.

‘ಏನಂತಾಳೆ?’ ಎಂದರು ಗಿರಿಯಪ್ಪನವರು.

‘ಮಂಡಕ್ಕಿ ಚೆಲ್ತು ಅಂತಾಳೆ’ ಎಂದ ಮಾವ.

ನನ್ನ ಧ್ವನಿ ಸಣ್ಣದು. ಒಂದು ಮಾತನ್ನು ಎರಡು ಸಲ ಹೇಳುವ ಅಭ್ಯಾಸ ನನಗೆ ತರಗತಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮಂಡಕ್ಕಿ ಆರಿಸಿಕೊಂಡು ಒಳಗೆ ಬಂದೆ. ಆದರೆ ಒಳಗೆ ಬರುವಾಗ ನನಗೆ ಗೊತ್ತಿತ್ತು: ಆ ಪಡಸಾಲೆಯಲ್ಲಿ ಸರಿಯಾದ ಉತ್ತರ ಬಂದಿದ್ದು ನನಗೊಬ್ಬಳಿಗೇ.

ಅದೇ ವಾರ ಬೆಂಗಳೂರಿನ ಪತ್ರಿಕೆಯೊಂದರಲ್ಲಿ ವಿಮರ್ಶೆ ಬಂತು. ವಿಮರ್ಶಕರು ಬಹಳ ಸೌಜನ್ಯದ ಮನುಷ್ಯರು. ಹಿರಿಯ ಕಲಾವಿದರು ಮೂಲಕ್ಕೆ ಮರಳಿದ್ದು ಸ್ತುತ್ಯ ಎಂದಿದ್ದರು. ಕಂಠ ಮಾಗಿದೆ ಎಂದಿದ್ದರು. ಸಾಲಿನ ನಡುವೆ ಉಸಿರು ಕಡಿಯುವುದನ್ನು ಮಾತ್ರ ವಯಸ್ಸಿನ ಲೆಕ್ಕಕ್ಕೆ ಹಾಕಿ, ಒಂದು ಹಾರ್ಮೋನಿಯಂ ಇದ್ದಿದ್ದರೆ ಆ ಬಿರುಕುಗಳು ಮುಚ್ಚಿಹೋಗುತ್ತಿದ್ದವು ಎಂದು ವಿಷಾದಪಟ್ಟಿದ್ದರು. ಬೈದಿದ್ದರೆ ಮಾವ ಜಗಳಕ್ಕೆ ಹೋಗುತ್ತಿದ್ದ. ಹೊಗಳಿ ಕನಿಕರ ತೋರಿಸಿದ್ದರಿಂದ ಒಪ್ಪಿಬಿಟ್ಟ.

ಊರಿನಲ್ಲಿ ಪ್ಲೇಟುಗಳು ಅಂಗಡಿಗೆ ವಾಪಸು ಬರತೊಡಗಿದವು. ಸೈಕಲ್ಲು, ಗ್ರಾಮಫೋನು ಎರಡನ್ನೂ ರಿಪೇರಿ ಮಾಡಿ, ಪ್ಲೇಟುಗಳನ್ನೂ ಮಾರುತ್ತಿದ್ದ ಖಾದರ್ ಸಾಹೇಬರ ಅಂಗಡಿಗೆ ಮಾವ ತನ್ನ ಆಲ್ಬಂ ಹಿಡಿದುಕೊಂಡು ಹೋದ. ಶಾಲೆಯಿಂದ ಬರುತ್ತಿದ್ದ ನಾನು ಅಂಗಡಿಯ ಮುಂದೆ ಅವನಿಗೆ ಸಿಕ್ಕಿದೆ.

‘ಅರೆ ರುದ್ರಪ್ಪಾರೆ, ಪ್ಲೇಟಿಂದೇನೂ ಕಸೂರಿಲ್ರಿ’ ಎನ್ನುತ್ತಿದ್ದರು ಸಾಹೇಬರು. ‘ಎಲ್ಲಾ ಪ್ಲೇಟೂ ಅಲ್ಲೇ ನಿಲ್ತಾವೆ. ಕೆಟ್ರೆ ಒಂದು ಕೆಡ್ತೈತೆ, ಎಲ್ಲಾ ಒಂದೇ ಜಾಗದಾಗ ಹೆಂಗ್ ಕೆಡ್ತಾವ್ರಿ?’

ಇದು ಒಳ್ಳೆಯ ತರ್ಕ. ನನಗೆ ಅವರ ಮೇಲೆ ಗೌರವ ಹುಟ್ಟಿತು.

‘ಇನ್ನೊಂದು ಕೇಳ್ರಿ. ಪ್ಲೇಟ್ ಕಂಪನಿ ಏಜೆಂಟ್ರು ಬಂದಿದ್ರು. ಹರಿಹರದಾಗ ಹಾಲಪ್ಪಾರು ಹಾಡೋದೈತಲ್ಲ, ಅಲ್ಲಿ ಜನ ಗದ್ಲ ಮಾಡಿದ್ರೆ ಈ ಪ್ಲೇಟ್ ಬಂದ್. ಇವೇ ಪದ ಹಾರ್ಮೋನಿಯಂ ತುಂಬಿ ಹೊಸ್ದಾಗಿ ತೆಗೀತಾರಂತೆ.’

‘ಹಾಲಪ್ಪಾರು ಒಪ್ಯಾರೇನು?’

‘ಒಂದ್ಸಲ ನನ್ನ ಜನದ ಮುಂದೆ ಇದ್ದಂಗೇ ಹಾಡ್ತೀನಿ, ಅವರು ಬ್ಯಾಡ ಅಂದ್ರೆ ಬ್ಯಾಡ ಅಂದಾರಂತೆ. ಭಾಳ ಬೇಜಾರಾಗ್ಯಾರ್ರಿ ಮುದುಕ್ರು.’

‘ಅಲ್ಲಿ ನಾವೇ ಮೊದ್ಲು ಕೂಗ್ಬೇಕು ಸಾಹೇಬ್ರೆ’ ಎಂದ ಮಾವ. ‘ಅಭಿಮಾನ ಇದ್ದೋರು ಹೇಳದಿದ್ರೆ ಇನ್ಯಾರು ಹೇಳ್ತಾರೆ? ಹಾರ್ಮೋನಿಯಂ ಇಲ್ದೆ ಅವರು ಬಡವಾಗಿ ಕಾಣ್ತಾರೆ.’

ಅವನ ದನಿಯಲ್ಲಿ ನಿಜವಾದ ದುಃಖವಿತ್ತು. ರಾಜನಾಗಿ ಕಂಡವರನ್ನು ಅಂಗಳದಲ್ಲಿ ಕೂತಂತೆ ಕೇಳುವುದು ಅವನಿಂದಾಗುತ್ತಿರಲಿಲ್ಲ.

ಆ ಸಂಜೆ ನಾನು ನಮ್ಮ ಊರಿನ ವಾರಪತ್ರಿಕೆಗೆ ಒಂದು ಸಣ್ಣ ಲೇಖನ ಬರೆದೆ. ಉಸಿರು ಕಡಿದಿಲ್ಲ, ಪ್ಲೇಟೂ ಕೆಟ್ಟಿಲ್ಲ. ಇದು ಬೀಸುವವರ ಪದ. ಅಲ್ಲಿ ಹಾಡು ನಿಲ್ಲುವುದು ಕಲ್ಲಿಗೆ ಕಾಳು ಹಾಕುವಷ್ಟು ಹೊತ್ತು. ಅದನ್ನು ಹಾರ್ಮೋನಿಯಂನಿಂದ ತುಂಬಿದರೆ ಕಲ್ಲು ಬರಿದೇ ತಿರುಗಿದಂತೆ. ಇಷ್ಟೇ. ಕೆಳಗೆ ‘ಸ. ವೀ.’ ಎಂದು ಬರೆದೆ. ನನ್ನ ಹೆಸರು ಸರ್ವಮಂಗಳ, ಅಪ್ಪಾಜಿಯ ಹೆಸರು ವೀರಭದ್ರಪ್ಪ. ಹೆಸರು ಪೂರ್ತಿ ಹಾಕಿದರೆ ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಹತ್ತು ಜನ ಅದರ ಬಗ್ಗೆ ಕೇಳುತ್ತಾರೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವಂತೆ, ಹೆಸರನ್ನು ಹೊರಗೆ ಬಿಟ್ಟು ಪತ್ರಿಕೆಯ ಒಳಗೆ ಹೋಗುವುದು ನನಗೆ ಹಿತ.

ಲೇಖನ ಒಂದಕ್ಷರವೂ ಬದಲಾಗದೆ ಅಚ್ಚಾಯಿತು. ಬದಲಾಗಲಿಲ್ಲ ನಿಜ, ಆದರೆ ಒಂದಕ್ಷರ ಹೆಚ್ಚಾಯಿತು. ಸಂಪಾದಕರು ಬಡಪಾಯಿ ‘ಸ. ವೀ.’ಯ ಹಿಂದೆ ಮರ್ಯಾದೆಗೆಂದು ‘ಶ್ರೀ’ ಸೇರಿಸಿದ್ದರು. ಬೆಳಗಾಗುವಷ್ಟರಲ್ಲಿ ನನಗೆ ಮೀಸೆ ಬಂದಿತ್ತು.

ಭಾನುವಾರ ಮಾವ ಅದನ್ನು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿದ. ‘ಯಾರೀ ಶ್ರೀ ಸ. ವೀ.?’

‘ಯಾರೋ ಮೇಷ್ಟ್ರು ಇರ್ಬೇಕು. ಬರವಣಿಗಿ ಬಿಗಿ ಐತೆ’ ಎಂದರು ಗಿರಿಯಪ್ಪನವರು. ನಾನು ಅವರಿಗೆ ಇನ್ನೊಂದು ಮೆಣಸಿನಕಾಯಿ ಬಜ್ಜಿ ಹಾಕಿದೆ.

‘ಬಿಗಿ ಇದ್ರೇನು? ಈ ಮನುಷ್ಯ ಜೋಳ ಬೀಸಿದ್ದು ಯಾವಾಗ? ಗಂಡಸ್ರಿಗೇನು ಗೊತ್ತು ಬೀಸೋದು? ಸುಮ್ನೆ ಪುಸ್ತಕ ಓದಿ ಹೊಡೀತಾನೆ.’

ವಾದದಲ್ಲಿ ಸೋಲು ಬರುವುದು ನಾನು ನೋಡಿದ್ದೇನೆ. ಒಂದು ‘ಶ್ರೀ’ಯಿಂದ ಬಂದ ಸೋಲು ಇದೊಂದೇ. ಮಾವನ ಆಕ್ಷೇಪಣೆ ನ್ಯಾಯವಾಗಿತ್ತು, ಅದು ತಪ್ಪು ಮನುಷ್ಯನ ಮೇಲಿತ್ತು, ಅಷ್ಟೇ. ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದ್ದರೆ ಮಾತು ಹಾಲಪ್ಪನವರನ್ನು ಬಿಟ್ಟು ನನ್ನ ಮೇಲೆ ತಿರುಗುತ್ತಿತ್ತು: ಹುಡುಗಿ ಪೇಪರಿಗೆ ಬರೀತಾಳಂತೆ, ಅಪ್ಪನಿಗೆ ಗೊತ್ತೈತೋ ಇಲ್ಲೋ ಎಂದು. ನಾನು ಬೇರೆ ದಾರಿ ಹಿಡಿದೆ. ‘ಮಾವ, ಹರಿಹರಕ್ಕೆ ಹೆಂಗೂ ಹೋಗ್ತೀರಲ್ಲ, ಅಲ್ಲಿ ಮನೀಂದ ಅಜ್ಜೀನೂ ಕರ್ಕೊಂಡು ಹೋಗೋಣ್ರಿ. ಹಾಡು ಕೇಳಿ ಭಾಳ ದಿನ ಆತು ಅಂತಿದ್ಲು’ ಎಂದೆ. ಅಜ್ಜಿ ಹಾಗೆ ಅಂದಿರಲಿಲ್ಲ. ಆದರೆ ಅನ್ನದೆ ಇರುವವಳೂ ಅಲ್ಲ.

ಹರಿಹರದಲ್ಲಿ ಹಾಡಿಕೆ ನಡೆದದ್ದು ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಅಂಗಳದಲ್ಲಿ, ಸಂಜೆ ಬಿಸಿಲಿರುವಾಗಲೇ. ಸುಗ್ಗಿ ಮುಗಿದಿತ್ತು. ಅಂಗಳದ ಬೇವಿನ ಮರದಲ್ಲಿ ಹತ್ತಿಯ ಎಳೆಗಳು ಇನ್ನೂ ಸಿಕ್ಕಿಕೊಂಡಿದ್ದವು. ಒಂದು ಹಗ್ಗ ಕಟ್ಟಿ ಈ ಕಡೆ ಹೆಂಗಸರು, ಆ ಕಡೆ ಗಂಡಸರು. ಅಜ್ಜಿಯನ್ನು ಎಬ್ಬಿಸಲು ಕೂಡಿಸಲು ಬೇಕಾದೀತೆಂದು ಮಾವ ಹಗ್ಗಕ್ಕೆ ತಾಗಿ ಆ ಕಡೆ ಕೂತ. ಈ ಕಡೆ ಅಜ್ಜಿ, ಅವಳ ಪಕ್ಕ ನಾನು.

‘ಯಾರು ಹಾಡೋರು?’ ಎಂದಳು ಅಜ್ಜಿ.

‘ಹಾಲಪ್ಪಾರು ಅವ್ವ. ರಾಜನ ಪಾರ್ಟು ಮಾಡ್ತಿದ್ರಲ್ಲ.’

‘ಓ, ಅವನಾ? ಭಾಳ ಒದರ್ತಿದ್ದ.’

ಮಾವ ಸುತ್ತ ನೋಡಿ ಯಾರಿಗೂ ಕೇಳಿಸಲಿಲ್ಲವೆಂದು ಖಚಿತಪಡಿಸಿಕೊಂಡ.

ಹಾಲಪ್ಪನವರು ಬಂದರು. ನಾನು ಅವರನ್ನು ನೋಡಿದ್ದು ಅದೇ ಮೊದಲು. ಚಿಕ್ಕ ಆಳು, ತೊಳೆದ ಬಿಳಿ ಅಂಗಿ, ಕೈಯಲ್ಲಿ ಏಕತಾರಿ. ಅವರ ಹಿಂದೆ ಏಜೆಂಟರು ತಂದಿದ್ದ ಹಾರ್ಮೋನಿಯಂ, ಅದರ ಮುಂದೆ ಒಬ್ಬ ಮಾಸ್ತರು, ಬೇಕಾದರೆ ಇರಲೆಂದು. ಜನ ಅದನ್ನು ನೋಡಿಯೇ ಚಪ್ಪಾಳೆ ತಟ್ಟಿದರು. ಅವರು ಏಕತಾರಿ ಮಿಡಿದಾಗ ಗಂಡಸರ ಕಡೆಯಿಂದ ಒಂದು ದನಿ ಬಂತು: ‘ಪೆಟ್ಟಿಗಿ ಹಾಕಸ್ರಿ ಅಜ್ಜಾರೆ!’ ಇನ್ನೊಂದು ಕಡೆಯಿಂದ, ‘ನಾಟಕದ್ದು ಹಾಡ್ರಿ!’ ಮಾವನೂ ಮೊಣಕಾಲೂರಿ ಎದ್ದು, ‘ಹಾರ್ಮೋನಿಯಂ ಇರ್ಲಿ ಅಜ್ಜಾರೆ, ನಮ್ಮ ಸಲುವಾಗಿ’ ಎಂದು ಕೈಮುಗಿದ.

ಹಾಲಪ್ಪನವರು ಏಕತಾರಿಯನ್ನು ತೊಡೆಯ ಮೇಲೆ ಇಟ್ಟುಕೊಂಡರು.

‘ಕೇಳ್ರಿ. ಇದು ನಮ್ಮವ್ವ ಹೇಳ್ತಿದ್ದ ಪದ. ನಾನು ಆಕಿ ತೊಡಿ ಮೇಲೆ ಮಲಗಿ, ಕಣ್ಣು ಮುಚ್ಚಿ ಕೇಳಿದ್ದು. ಕಣ್ಣು ಬಿಡೋ ಹೊತ್ತಿಗೆ ಕಂಪನಿ ಸೇರಿದ್ದೆ. ಆಕಿ ಎಲ್ಲಿ ನಿಲ್ಲಸ್ತಿದ್ಲೋ ಅಲ್ಲೇ ನಿಲ್ಲಸೀನಿ. ಯಾಕ ನಿಲ್ಲಸ್ತಿದ್ಲು ಅಂತ ನನಗೂ ಗೊತ್ತಿಲ್ಲ. ಉಸ್ರು ಹೋಗಿ ನಿಲ್ಲಸಿದ್ದಲ್ಲ, ಅಷ್ಟು ನಂಬ್ರಿ. ಒಂದ್ಸಲ ಕೇಳಿ ಬ್ಯಾಡ ಅನ್ರಿ, ಪೆಟ್ಟಿಗಿ ಹಾಕಸ್ತೀನಿ.’

ಅವರಿಗೂ ಗೊತ್ತಿಲ್ಲವೆಂಬುದನ್ನು ನಾನು ಊಹಿಸಿರಲಿಲ್ಲ. ಅರ್ಥ ಗೊತ್ತಿಲ್ಲದಿದ್ದರೂ ಇಷ್ಟು ವರ್ಷ ಅದನ್ನು ಮುಟ್ಟದೆ ಕಾಯ್ದುಕೊಂಡು ಬಂದಿದ್ದರು. ಅದು ನನ್ನ ಲೇಖನಕ್ಕಿಂತ ದೊಡ್ಡ ಮಾತು.

ಅವರು ಶುರುಮಾಡಿದರು. ಹೊಳೆಯಾಚೆ ದಂಡ್ಯಾಗ ತವರೂರ...

ನಿಂತಿತು. ಆ ನಿಶ್ಶಬ್ದದಲ್ಲಿ ಹಗ್ಗದ ಈ ಕಡೆಯಿಂದ ಒಂದು ಸದ್ದು ಬಂತು. ಬಳೆಯ ಸದ್ದು. ಒಬ್ಬರದಲ್ಲ, ಮುಂದಿನ ಸಾಲಿನ ಮುದುಕಿಯರದು, ಅವರ ಹಿಂದೆ ಕೂತ ಅವರ ಸೊಸೆಯಂದಿರದು. ಯಾರೂ ಯಾರನ್ನೂ ನೋಡಿಕೊಂಡು ಮಾಡಿದ್ದಲ್ಲ. ಎಲ್ಲರ ಒಂದೊಂದು ಕೈ ಪಕ್ಕಕ್ಕೆ ಹೋಗಿ, ಇಲ್ಲದ ಮೊರದಿಂದ ಹಿಡಿ ತುಂಬಿ, ಇಲ್ಲದ ಕಲ್ಲಿನ ಬಾಯಿಗೆ ಬಿಚ್ಚಿತ್ತು. ಆಮೇಲೆ ಹಾಲಪ್ಪನವರು, ‘ದೀಪ’ ಎಂದರು.

ಎರಡನೆಯ ನುಡಿಯಲ್ಲಿ ಬಳೆಗಳು ಇನ್ನೂ ಜೋರಾಗಿ ಕೇಳಿಸಿದವು. ಹಾಲಪ್ಪನವರು ಹಾಡುತ್ತಲೇ ಹೆಂಗಸರ ಕಡೆಗೆ ತಿರುಗಿದರು. ಮೂರನೆಯ ನುಡಿಯ ಹೊತ್ತಿಗೆ ಅವರು ಬೇಕೆಂದೇ ಇನ್ನಷ್ಟು ನಿಲ್ಲಿಸಿ, ಬಳೆ ಮುಗಿದ ಮೇಲೆ ಎತ್ತಿಕೊಂಡರು. ಗಂಡಸರ ಕಡೆ ಯಾರೂ ಕೂಗಲಿಲ್ಲ. ಹಾರ್ಮೋನಿಯಂ ಮಾಸ್ತರು ಪೆಟ್ಟಿಗೆಯ ಮುಚ್ಚಳ ಹಾಕಿ, ಅದರ ಮೇಲೆ ಕೈ ಕಟ್ಟಿಕೊಂಡು ಕೂತರು.

ಮಾವ ಹಗ್ಗದ ಮೇಲಿಂದ ಬಗ್ಗಿ ತನ್ನ ತಾಯಿಯ ಕೈಯನ್ನೇ ನೋಡುತ್ತಿದ್ದ.

‘ಅವ್ವ, ಏನು ಮಾಡ್ದೆ ಈಗ?’

‘ಏನು ಮಾಡ್ದೆ? ಕಾಳು ಹಾಕ್ದೆ’ ಎಂದಳು ಅಜ್ಜಿ, ಇದೆಂಥ ಪ್ರಶ್ನೆ ಎಂಬಂತೆ. ಆಮೇಲೆ ನನ್ನ ಕಡೆ ತಿರುಗಿ, ಮೊಣಕಾಲು ತಿವಿದು, ‘ಮಂಗ್ಳಿ, ನಿನ್ನ ಕೈ ಈಗ್ಲೂ ತಡಾನೇ’ ಎಂದಳು.

ಮಾವ ನನ್ನ ಮಡಿಲ ಕಡೆ ನೋಡಿದ. ನನ್ನ ಬಲಗೈ ಆಗಷ್ಟೇ ಬಿಚ್ಚಿಕೊಳ್ಳುತ್ತಿತ್ತು. ಮುಚ್ಚಿಕೊಳ್ಳಲು ಹೊತ್ತಿರಲಿಲ್ಲ.

ಹಾಡು ಮುಗಿದ ಮೇಲೆ ಮೊದಲು ಎದ್ದು ನಿಂತವರು ಗಿರಿಯಪ್ಪನವರು. ‘ಇನ್ನೊಮ್ಮೆ ಅನ್ರಿ ಅಜ್ಜಾರೆ, ಹಿಂಗೇ ಅನ್ರಿ’ ಎಂದರು. ಇನ್ನೊಮ್ಮೆ ಆಯಿತು. ಆ ಪ್ಲೇಟುಗಳನ್ನು ಮತ್ತೆ ತೆಗೆಯುವ ಮಾತು ಅಲ್ಲಿಗೇ ನಿಂತಿತು. ಖಾದರ್ ಸಾಹೇಬರ ಅಂಗಡಿಗೆ ವಾಪಸು ಬಂದಿದ್ದವೆಲ್ಲ ಕೊಂಡವರ ಮನೆಗೇ ಮರಳಿದವು, ಈ ಸಲ ಅಡುಗೆಮನೆಯವರ ಒತ್ತಾಯದ ಮೇಲೆ. ನಮ್ಮತ್ತೆ ಗ್ರಾಮಫೋನಿನ ಬಾಯಿಯನ್ನು ಒಳಗಡೆಗೆ ತಿರುಗಿಸಿ ಇಟ್ಟಳು. ಇವತ್ತಿಗೂ ಅದು ಹಾಗೇ ಇದೆ.

ಹರಿಹರದಿಂದ ವಾಪಸು ಬರುವ ಬಸ್ಸಿನಲ್ಲಿ, ಶಾಮನೂರಿನ ಹೊಲಗಳು ಕಾಣತೊಡಗಿದಾಗ ಮಾವ ಬೆರಳು ಮಡಿಸಿ ಏನೋ ಹೊಂದಿಸತೊಡಗಿದ.

‘ಸರ್ವಮಂಗಳ. ನಿಮ್ಮಪ್ಪ ವೀರಭದ್ರಪ್ಪ.’ ನನ್ನ ಕಡೆ ತಿರುಗಿ, ‘ಹೌದೇನು?’ ಎಂದ.

‘ಹೌದು ಮಾವ’ ಎಂದೆ. ‘ಶ್ರೀ ಒಂದು ನನ್ನದಲ್ಲ.’